ವಠಾರದ ಗೋಡೆಯ ಎರಡು ಬದಿ: 'ಗಣೇಶನ ಮದುವೆ'ಯ ಕಲಾವಿದರು

ಫಣಿ ರಾಮಚಂದ್ರ ಅವರ ನಿರ್ದೇಶನದಲ್ಲಿ 1990ರಲ್ಲಿ ತೆರೆಕಂಡ 'ಗಣೇಶನ ಮದುವೆ' ಒಂದು ಪ್ರಣಯಹಾಸ್ಯ ಚಿತ್ರ, ಅಂದರೆ ಪ್ರೇಮಕಥೆಯನ್ನು ಕಣ್ಣೀರಿನ ಬದಲು ನಗೆಯ ಮೂಲಕ ಹೇಳುವ ಚಿತ್ರ. ಹೊರದೇಶಗಳಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳು ತಂದೆತಾಯಿಯರ ಬಾಯಲ್ಲಿ ಇದರ ಹೆಸರನ್ನು ಕೇಳಿರುವುದು ಸಹಜ. ಆದರೆ ಇದರ ಮಾತುಗಳಿಗೆ ಹಿರಿಯರು ಬಿದ್ದು ಬಿದ್ದು ನಗುವಾಗ ಕಾರಣ ತಿಳಿಯದೆ ಅವರ ಮುಖ ನೋಡಿರುವುದೂ ಅಷ್ಟೇ ಸಹಜ. ಆ ನಗೆಯ ಹಿಂದೆ ಕಥೆಗಾರಿಕೆಗಿಂತ ಹೆಚ್ಚಾಗಿ ರಂಗಭೂಮಿಯಲ್ಲಿ ಪಳಗಿದ ಒಂದು ಕಲಾವಿದರ ಬಳಗವಿದೆ ಎಂಬುದನ್ನು ಗಮನಿಸಿದರೆ ಚಿತ್ರ ಬೇರೆಯದೇ ರುಚಿ ಕೊಡುತ್ತದೆ.

ಕಥೆ ನಡೆಯುವುದು ಒಂದು ವಠಾರದಲ್ಲಿ. ವಠಾರವೆಂದರೆ ಒಬ್ಬನೇ ಮಾಲೀಕನ ಜಾಗದಲ್ಲಿ ಒಂದಕ್ಕೊಂದು ಅಂಟಿಕೊಂಡಂತೆ ಸಾಲಾಗಿ ಕಟ್ಟಿದ ಸಣ್ಣ ಬಾಡಿಗೆ ಮನೆಗಳ ಗುಂಪು. ಬೆಂಗಳೂರು, ಮೈಸೂರುಗಳ ಹಳೆಯ ಬಡಾವಣೆಗಳಲ್ಲಿ ಮಧ್ಯಮ ವರ್ಗದ ಸಂಸಾರಗಳು ಎಷ್ಟೋ ವರ್ಷ ಇಂಥ ಮನೆಗಳಲ್ಲೇ ಬಾಳಿದವು. ಅಂಗಳ ಎಲ್ಲರಿಗೂ ಒಂದೇ, ಅನೇಕ ಕಡೆ ನೀರಿನ ನಲ್ಲಿಯೂ ಒಂದೇ, ಗೋಡೆಗಳು ತೆಳುವಾದ್ದರಿಂದ ಒಂದು ಮನೆಯ ಜಗಳ ಪಕ್ಕದ ಮನೆಗೆ ಕೇಳದೆ ಇರುತ್ತಿರಲಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಬಾಗಿಲಿನವರ ಹೆಸರೂ ಗೊತ್ತಿಲ್ಲದೆ ಬೆಳೆಯುವ ಮಗುವಿಗೆ ಇದನ್ನು ಬಿಡಿಸಿ ಹೇಳದಿದ್ದರೆ, ಇಷ್ಟು ಮಂದಿ ಒಬ್ಬ ಬ್ರಹ್ಮಚಾರಿಯ ಮದುವೆಯ ಬಗ್ಗೆ ಇಷ್ಟೇಕೆ ತಲೆ ಕೆಡಿಸಿಕೊಳ್ಳುತ್ತಾರೆಂಬುದೇ ಅರ್ಥವಾಗುವುದಿಲ್ಲ.

ಈ ವಠಾರದಲ್ಲಿ ಬಾಡಿಗೆಗಿರುವ ಗಣೇಶನಿಗೂ ಅಲ್ಲೇ ವಾಸಿಸುವ ಆದಿಲಕ್ಷ್ಮಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಎದುರುಬದುರಾದರೆ ಸಾಕು, ಮಾತಿಗೆ ಮಾತು ಬೆಳೆಯುತ್ತದೆ. ಅದೇ ಆದಿಲಕ್ಷ್ಮಿ ಹೊರಜಗತ್ತಿಗೆ 'ಶ್ರುತಿ' ಎಂಬ ಹೆಸರಿನ ಗಾಯಕಿ, ಅದೇ ಗಣೇಶ ಕಾಗದದ ಮೇಲೆ 'ವೈ. ಜಿ. ರಾವ್'. ದಕ್ಷಿಣ ಕರ್ನಾಟಕದಲ್ಲಿ ಮನೆಯಲ್ಲಿ, ಬೀದಿಯಲ್ಲಿ ಕರೆಯುವ ಹೆಸರು ಒಂದಾದರೆ, ಕಚೇರಿಯಲ್ಲಿ ಮತ್ತು ಪತ್ರದ ಕೆಳಗೆ ಬರುವುದು ಇನಿಷಿಯಲ್‌ಗಳು, ಅಂದರೆ ಊರಿನ, ತಂದೆಯ ಅಥವಾ ತನ್ನದೇ ಹೆಸರಿನ ಮೊದಲಕ್ಷರಗಳು. ಹೀಗಾಗಿ ದಿನವೂ ಕಣ್ಣೆದುರು ಓಡಾಡುವ ಗಣೇಶನೇ ವೈ. ಜಿ. ರಾವ್ ಎಂದು ಯಾರಿಗೂ ಹೊಳೆಯದಿರುವುದು ನಂಬಲಾಗದ ಸಂಗತಿಯೇನಲ್ಲ. ಶ್ರುತಿಗೂ ವೈ. ಜಿ. ರಾವ್‌ಗೂ ಪತ್ರದ ಮೂಲಕ ಒಲವು ಬೆಳೆಯುತ್ತಿದ್ದರೆ, ಅತ್ತ ಆದಿಲಕ್ಷ್ಮಿಗೂ ಗಣೇಶನಿಗೂ ಜಗಳ ಬೆಳೆಯುತ್ತಲೇ ಇರುತ್ತದೆ. ಅಂಚೆಯವನು ತರುವ ಕಾಗದಕ್ಕಾಗಿ ದಿನಗಟ್ಟಲೆ ಕಾಯಬೇಕಾಗಿದ್ದ, ಬರೆದವರ ಫೋಟೊ ಕೂಡ ಕಾಣದಿದ್ದ ಕಾಲವಾದ್ದರಿಂದ ಈ ಗುಟ್ಟು ಅಷ್ಟು ದಿನ ಉಳಿಯಲು ಸಾಧ್ಯವಾಯಿತು.

ಕಾಗದದಲ್ಲಿ ಪ್ರೀತಿ, ಎದುರಿಗೆ ಜಗಳ ಎಂಬ ಈ ತಂತ್ರಕ್ಕೆ ಜಗತ್ತಿನ ಬೇರೆ ಕಡೆಗಳಲ್ಲೂ ಒಡಹುಟ್ಟುಗಳಿವೆ. ಹಂಗೇರಿಯ ನಾಟಕಕಾರ ಮಿಕ್ಲೋಶ್ ಲಾಸ್ಲೊ ಬರೆದ 'ಪರ್ಫ್ಯೂಮೆರಿ' ಎಂಬ ನಾಟಕವನ್ನು ಆಧರಿಸಿ ಅರ್ನ್‌ಸ್ಟ್ ಲುಬಿಚ್ 1940ರಲ್ಲಿ ಹಾಲಿವುಡ್‌ನಲ್ಲಿ 'ದಿ ಶಾಪ್ ಅರೌಂಡ್ ದಿ ಕಾರ್ನರ್' ಚಿತ್ರವನ್ನು ತೆಗೆದರು. ಅದೇ ಎಳೆ 1998ರಲ್ಲಿ ಕಾಗದದ ಜಾಗಕ್ಕೆ ಇ-ಮೇಲ್ ಬಂದು 'ಯೂ ಹ್ಯಾವ್ ಗಾಟ್ ಮೇಲ್' ಆಯಿತು. ಆ ಚಿತ್ರಗಳಲ್ಲಿ ಪ್ರೇಮಿಗಳಿಬ್ಬರ ಮುನಿಸು ಬಹುಮಟ್ಟಿಗೆ ಅವರಿಬ್ಬರದೇ ಮುನಿಸು. ಕನ್ನಡ ಚಿತ್ರದಲ್ಲಿ ಮಾತ್ರ ಜಗಳಕ್ಕೆ ಸದಾ ಸಾಕ್ಷಿಗಳಿದ್ದಾರೆ, ಪಕ್ಷ ವಹಿಸುವವರಿದ್ದಾರೆ, ತೀರ್ಪು ಕೊಡುವವರೂ ಇದ್ದಾರೆ. ಇಡೀ ವಠಾರವೇ ಒಂದು ಪಾತ್ರವಾದುದರಿಂದ ನಾಯಕ ನಾಯಕಿಯರಿಬ್ಬರು ಚೆನ್ನಾಗಿ ನಟಿಸಿದರೆ ಸಾಲದು. ಒಬ್ಬರ ಮಾತು ಮುಗಿಯುವ ಕ್ಷಣಕ್ಕೆ ಸರಿಯಾಗಿ ಮತ್ತೊಬ್ಬರು ಎತ್ತಿಕೊಳ್ಳಬಲ್ಲ, ಮಾತಿಲ್ಲದಾಗಲೂ ದೃಶ್ಯದಲ್ಲಿ ಜೀವಂತವಾಗಿರಬಲ್ಲ ಗುಂಪೊಂದು ಬೇಕು. ಅಂಥ ಗುಂಪನ್ನು ಬೆಂಗಳೂರಿನ ಹವ್ಯಾಸಿ ರಂಗಭೂಮಿ, ಅಂದರೆ ಹಗಲು ನೌಕರಿ ಮಾಡಿ ಸಂಜೆ ನಾಟಕದ ತಾಲೀಮು ನಡೆಸುತ್ತಿದ್ದವರ ರಂಗಭೂಮಿ, 1970ರ ದಶಕದಿಂದ ಸಿದ್ಧಗೊಳಿಸುತ್ತಲೇ ಬಂದಿತ್ತು.

ವಠಾರದ ಮಾಲೀಕ ರಮಣಮೂರ್ತಿಯ ಪಾತ್ರ ವಹಿಸಿದ 'ಮುಖ್ಯಮಂತ್ರಿ' ಚಂದ್ರು ಅವರ ಹೆಸರೇ ಈ ಮಾತಿಗೆ ಪುರಾವೆ. ಅವರು ಯಾವ ರಾಜ್ಯದ ಮುಖ್ಯಮಂತ್ರಿಯೂ ಆಗಿದ್ದವರಲ್ಲ. ಚಾಣಕ್ಯ ಸೇನ್ ಅವರ ಕಾದಂಬರಿಯನ್ನು ಆಧರಿಸಿ ರಂಜಿತ್ ಕಪೂರ್ ರಚಿಸಿದ ಹಿಂದಿ ನಾಟಕವನ್ನು ಟಿ. ಎಸ್. ಲೋಹಿತಾಶ್ವ ಕನ್ನಡಕ್ಕೆ ತಂದಾಗ, ಬಿ. ವಿ. ರಾಜಾರಾಂ ನಿರ್ದೇಶನದಲ್ಲಿ 'ಕಲಾಗಂಗೋತ್ರಿ' ತಂಡ ಆಡಿದ ಆ 'ಮುಖ್ಯಮಂತ್ರಿ' ನಾಟಕದ ಪ್ರಧಾನ ಪಾತ್ರ ಅವರ ಪಾಲಿಗೆ ಬಂದು, ಪ್ರಯೋಗಗಳು ನೂರುಗಟ್ಟಲೆ ನಡೆದು, ಪಾತ್ರದ ಹೆಸರು ಬಿರುದಿನಂತೆ ಅಂಟಿಕೊಂಡಿತು. ವಿಚಿತ್ರವೆಂದರೆ ಮುಂದೆ ಅವರು ನಿಜಕ್ಕೂ ರಾಜಕಾರಣಕ್ಕೆ ಇಳಿದು 1985ರಲ್ಲಿ ಗೌರಿಬಿದನೂರಿನಿಂದ ವಿಧಾನಸಭೆಗೆ ಆಯ್ಕೆಯಾದರು. ಅಧಿಕಾರ ಕೈಜಾರಿ ಹೋಗುವ ಭಯದಲ್ಲೇ ಗದರಿಸುವ ಮನುಷ್ಯನನ್ನು ವೇದಿಕೆಯ ಮೇಲೆ ಅಷ್ಟು ಸಲ ಅಭಿನಯಿಸಿದ ಅನುಭವ ರಮಣಮೂರ್ತಿಯಲ್ಲಿ ಸಣ್ಣ ಪ್ರಮಾಣದಲ್ಲಿ ಮರಳಿ ಬಂದಂತಿದೆ, ಏಕೆಂದರೆ ಈ ಮಾಲೀಕನಿಗೂ ತನ್ನ ರಾಜ್ಯದಲ್ಲಿ, ಅಂದರೆ ಕೆಲವೇ ಬಾಡಿಗೆ ಮನೆಗಳ ನಡುವೆ, ತನ್ನ ಮಾತು ನಡೆಯುತ್ತಿಲ್ಲವೆಂಬ ಸಂಕಟ. ಚಿತ್ರಕ್ಕೆ 'ರಮಣಮೂರ್ತಿಯ ಪಾಡು' ಎಂದು ಹೆಸರಿಟ್ಟಿದ್ದರೂ ಹೆಚ್ಚೇನೂ ತಪ್ಪಾಗುತ್ತಿರಲಿಲ್ಲ; ಗಣೇಶನ ತಮಾಷೆಗಳು ಹೊಳೆಯುವುದು ಈತನ ಸಿಟ್ಟಿನ ಹಿನ್ನೆಲೆಯಲ್ಲಿಯೇ.

ಗಣೇಶನಾಗಿ ನಟಿಸಿದ ಅನಂತನಾಗ್ 1948ರಲ್ಲಿ ಮುಂಬಯಿಯಲ್ಲಿ ಕೊಂಕಣಿ ಮಾತಾಡುವ ಕುಟುಂಬದಲ್ಲಿ ಹುಟ್ಟಿ, ಬಾಲ್ಯದ ಒಂದಷ್ಟು ವರ್ಷಗಳನ್ನು ಉತ್ತರ ಕನ್ನಡದ ಶಿರಾಲಿ, ಹೊನ್ನಾವರಗಳ ಸೀಮೆಯಲ್ಲಿ ಕಳೆದು, ಓದಿಗಾಗಿ ಮುಂಬಯಿಗೆ ಮರಳಿದಾಗ ನಾಟಕದ ಗೀಳು ಹತ್ತಿಸಿಕೊಂಡು ಸತ್ಯದೇವ್ ದುಬೆ ಅವರಂಥ ನಿರ್ದೇಶಕರ ಒಡನಾಟದಲ್ಲಿ ಹಲವು ಭಾಷೆಗಳ ರಂಗಭೂಮಿಯಲ್ಲಿ ದುಡಿದರು. 1973ರ 'ಸಂಕಲ್ಪ'ದಿಂದ ಸಿನಿಮಾಕ್ಕೆ ಬಂದು, ಮರುವರ್ಷವೇ ಶ್ಯಾಮ್ ಬೆನೆಗಲ್ ಅವರ ಹಿಂದಿ ಚಿತ್ರ 'ಅಂಕುರ್'ನಲ್ಲಿಯೂ, ಅನಂತರ ಜಿ. ವಿ. ಅಯ್ಯರ್ ಅವರ 'ಹಂಸಗೀತೆ'ಯಲ್ಲಿಯೂ ಗಂಭೀರ ಪಾತ್ರಗಳನ್ನು ನಿರ್ವಹಿಸಿ, 'ಬಯಲುದಾರಿ'ಯಿಂದ ಜನಪ್ರಿಯ ನಾಯಕರಾದ ಈ ನಟ ನಲವತ್ತು ದಾಟಿದ ಮೇಲೆ ಮದುವೆಯಾಗದ ಹುಡುಗನ ಪಾತ್ರ ಒಪ್ಪಿಕೊಂಡು ಗೆದ್ದದ್ದು ಸಣ್ಣ ಮಾತಲ್ಲ. ಅದಕ್ಕಿಂತ ಮುಂಚಿನ ಕನ್ನಡ ಚಿತ್ರಗಳಲ್ಲಿ ನಗಿಸುವ ಹೊಣೆ ಬಹುಪಾಲು ನರಸಿಂಹರಾಜು, ದ್ವಾರಕೀಶ್ ಅವರಂಥ ಹಾಸ್ಯನಟರದಾಗಿತ್ತು, ನಾಯಕನದು ಪ್ರೀತಿಸುವ ಮತ್ತು ಹೊಡೆದಾಡುವ ಹೊಣೆ. ಅನಂತನಾಗ್ ಅವರು ಹೊಡೆದಾಟದ ಗೊಡವೆಯನ್ನೇ ಬಿಟ್ಟು, ಪೆಚ್ಚಾಗುವುದಕ್ಕೆ ನಾಚದ ನಾಯಕನನ್ನು ಮುಂದಿಟ್ಟರು. ಮುಖ ಸೊಟ್ಟಗೆ ಮಾಡದೆ, ಕೂಗಾಡದೆ, ಮಾತಿನ ನಡುವೆ ಅರೆಕ್ಷಣ ತಡೆದು ಕೊನೆಯ ಪದವನ್ನು ಹಗುರವಾಗಿ ಬಿಟ್ಟುಬಿಡುವ ಅವರ ಶೈಲಿಯನ್ನು ಕನ್ನಡ ಕಲಿಯುತ್ತಿರುವ ಮಕ್ಕಳು ಕಿವಿಗೊಟ್ಟು ಕೇಳುವುದು ಒಳ್ಳೆಯದು. ಅವರ ತಮ್ಮ, 'ಮಾಲ್ಗುಡಿ ಡೇಸ್' ಧಾರಾವಾಹಿಯ ನಿರ್ದೇಶಕ ಶಂಕರನಾಗ್ ಅಪಘಾತದಲ್ಲಿ ತೀರಿಕೊಂಡದ್ದೂ ಇದೇ 1990ರಲ್ಲಿ, ಸೆಪ್ಟೆಂಬರ್ 30ರಂದು. ಭಾರತ ಸರ್ಕಾರ 2025ರಲ್ಲಿ ಅನಂತನಾಗ್ ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನು ಘೋಷಿಸಿತು.

ಆದಿಲಕ್ಷ್ಮಿಯ ಪಾತ್ರದಲ್ಲಿ ಕಾಣುವ ವಿನಯಾ ಪ್ರಸಾದ್ ಉಡುಪಿಯವರು, ಜಿ. ವಿ. ಅಯ್ಯರ್ ಅವರ 'ಮಧ್ವಾಚಾರ್ಯ'ದಿಂದ ಚಿತ್ರರಂಗಕ್ಕೆ ಬಂದ ಅವರು ಮುಂದೆ 1993ರ ಮಲಯಾಳಂ ಚಿತ್ರ 'ಮಣಿಚಿತ್ರತಾಳ್'ನಲ್ಲಿ ನಟಿಸಿ ಕೇರಳದಲ್ಲಿಯೂ ಮನೆಮಾತಾದರು. ಇದೇ ಬಳಗದ ವೈಶಾಲಿ ಕಾಸರವಳ್ಳಿ ಅವರು ರಂಗಭೂಮಿಯಿಂದ ಬಂದು, ಗಿರೀಶ್ ಕಾಸರವಳ್ಳಿ ನಿರ್ದೇಶಿಸಿದ 'ಆಕ್ರಮಣ'ದಲ್ಲಿ ಅಭಿನಯಿಸಿ, 'ತಾಯಿ ಸಾಹೇಬ' ಚಿತ್ರದ ವಸ್ತ್ರವಿನ್ಯಾಸಕ್ಕೆ, ಅಂದರೆ ಪಾತ್ರಗಳ ಉಡುಗೆ ತೊಡುಗೆ ರೂಪಿಸಿದ್ದಕ್ಕೆ, ರಾಷ್ಟ್ರಪ್ರಶಸ್ತಿ ಪಡೆದು, 'ಮೂಡಲ ಮನೆ' ಧಾರಾವಾಹಿಯನ್ನು ನಿರ್ದೇಶಿಸಿದ ಬಹುಮುಖ ಪ್ರತಿಭೆ. ಅವರು 2010ರಲ್ಲಿ ನಿಧನರಾದರು. ರಮೇಶ್ ಭಟ್ ಅವರು ಶಂಕರನಾಗ್ ಅವರ 'ಸಂಕೇತ್' ನಾಟಕ ತಂಡದ ಒಡನಾಡಿ. ಇವರೆಲ್ಲರ ದಾರಿಗಳು ಬೇರೆಬೇರೆಯಾದರೂ ತಾಲೀಮಿನ ಶಿಸ್ತು ಒಂದೇ ಬಗೆಯದು, ಮತ್ತು ವಠಾರದ ಅಂಗಳದಲ್ಲಿ ಎಲ್ಲರೂ ಒಟ್ಟಿಗೆ ನಿಂತ ದೃಶ್ಯಗಳಲ್ಲಿ ಅದು ಎದ್ದು ಕಾಣುತ್ತದೆ.

ನಾಯಕಿಯೇ ಗಾಯಕಿಯಾಗಿರುವ ಕಥೆಗೆ ಸಂಗೀತ ಒದಗಿಸಿದವರು ಮೈಸೂರಿನ ಸಹೋದರರಾದ ರಾಜನ್ ಮತ್ತು ನಾಗೇಂದ್ರ. 1950ರ ದಶಕದ ಆರಂಭದಲ್ಲಿ 'ಸೌಭಾಗ್ಯಲಕ್ಷ್ಮಿ' ಚಿತ್ರದಿಂದ ಕೆಲಸ ಶುರುಮಾಡಿದ ಈ ಜೋಡಿ 'ಗಂಧದ ಗುಡಿ', 'ಎರಡು ಕನಸು', 'ಬಯಲುದಾರಿ'ಗಳ ಹಾಡುಗಳಿಂದ ಅದಾಗಲೇ ಒಂದು ತಲೆಮಾರಿನ ಕಿವಿಯನ್ನು ತಿದ್ದಿದ್ದರು.

ಈ ಚಿತ್ರದ ಯಶಸ್ಸಿನ ನಂತರ ಫಣಿ ರಾಮಚಂದ್ರ ಗಣೇಶನನ್ನು ಸುಲಭಕ್ಕೆ ಬಿಡಲಿಲ್ಲ: 1991ರಲ್ಲಿ 'ಗೌರಿ ಗಣೇಶ', ಅದರ ಹಿಂದೆಯೇ 'ಗಣೇಶ ಸುಬ್ರಮಣ್ಯ', ಮುಂದೆ 'ಗಣೇಶನ ಗಲಾಟೆ' ಹೀಗೆ ಹೆಸರಿನಲ್ಲಿ ಗಣೇಶನಿರುವ ಹಾಸ್ಯಚಿತ್ರಗಳು ಬಂದವು, ಕಿರುತೆರೆಯಲ್ಲಿ ಕೆಲಸವಿಲ್ಲದ ಹುಡುಗರನ್ನು ಕುರಿತ 'ದಂಡಪಿಂಡಗಳು' ಧಾರಾವಾಹಿಯೂ ಅವರದೇ. ಇವುಗಳಲ್ಲಿ 'ಗೌರಿ ಗಣೇಶ'ವನ್ನು 'ಗಣೇಶನ ಮದುವೆ'ಯ ಬೆನ್ನಿಗೇ ನೋಡುವುದು ಮೇಲು. ಅನಂತನಾಗ್ ಮತ್ತು ವಿನಯಾ ಪ್ರಸಾದ್ ಅಲ್ಲಿಯೂ ಇದ್ದಾರೆ, ಆದರೆ ಅಲ್ಲಿನ ನಾಯಕ ಲಂಬೋದರ ಈ ಗಣೇಶನಷ್ಟು ಸಾಧುವಲ್ಲ, ಅವನ ಸುಳ್ಳುಗಳಿಗೆ ನಗುವಾಗ ಪ್ರೇಕ್ಷಕರಿಗೆ ಸ್ವಲ್ಪ ಅಳುಕೂ ಆಗುತ್ತದೆ.