ಕಪ್ಪು ಪೆನ್ನಿ ಚೀಟಿಯನ್ನು ಕೊಟ್ಟ ಉಪಾಧ್ಯಾಯರು

ಅಂಚೆ ಚೀಟಿಗಳನ್ನು ಕೂಡಿಸುವ ಹವ್ಯಾಸವು ನಮ್ಮ ಬಾಲಿಕೆಯರಲ್ಲಿ ಅನೇಕರಿಗುಂಟು. ಅವರು ತಮ್ಮ ಪುಸ್ತಕಗಳನ್ನು ತೆರೆದು ಒಬ್ಬರಿಗೊಬ್ಬರು ತೋರಿಸುವಾಗ, ಇದರ ಬೆಲೆ ಎಷ್ಟು ಎಂಬ ಪ್ರಶ್ನೆಯೇ ಮೊದಲು ನಮ್ಮ ಕಿವಿಗೆ ಬೀಳುತ್ತದೆ. ಬ್ರಿಟನ್ನಿನ ಹಳೆಯ ಚೀಟಿಗಳನ್ನು ಕೂಡಿಸುವವರು ಎಲ್ಲಕ್ಕಿಂತಲೂ ಹೆಚ್ಚಾಗಿ ಬಯಸುವುದು 1840ನೆಯ ಇಸವಿಯ ಕಪ್ಪು ಬಣ್ಣದ ಒಂದು ಪೆನ್ನಿಯ ಚೀಟಿಯನ್ನು. ಲೋಕದಲ್ಲಿ ಸರಕಾರವು ಎಲ್ಲರ ಉಪಯೋಗಕ್ಕಾಗಿ ಹೊರಡಿಸಿದ ಅಂಟಿಸುವ ಚೀಟಿಗಳಲ್ಲಿ ಅದೇ ಮೊದಲನೆಯದು. ಅದರ ನಿಜವಾದ ಬೆಲೆಯನ್ನು ತಿಳಿಯಬೇಕಾದರೆ ಸರ್ ರೌಲಂಡ್ ಹಿಲ್ ಎಂಬವರ ಜೀವಿತವನ್ನು ತಿಳಿಯಬೇಕು. ಅವರೂ ನಮ್ಮಂತೆಯೇ ಉಪಾಧ್ಯಾಯ ವೃತ್ತಿಯವರಾದುದರಿಂದ ಈ ಚರಿತ್ರೆಯು ನಮಗೆ ಇನ್ನಷ್ಟು ಪ್ರಿಯವಾಗಿದೆ.

ರೌಲಂಡ್ ಹಿಲ್ಲರು ಇಂಗ್ಲೆಂಡಿನ ಕಿಡರ್‌ಮಿನ್‌ಸ್ಟರ್ ಎಂಬ ಊರಿನಲ್ಲಿ 1795ನೆಯ ಇಸವಿ ಡಿಸೆಂಬರ್ 3ರಂದು ಹುಟ್ಟಿದರು. ಬಾಲ್ಯದಲ್ಲಿ ದೇಹವು ದುರ್ಬಲವಾಗಿದ್ದುದರಿಂದ ಒಲೆಯ ಮುಂದೆ ಮಲಗಿಕೊಂಡು, ಅಂಕಿಗಳನ್ನು ಎಣಿಸುವುದರಲ್ಲಿಯೇ ಕಾಲ ಕಳೆಯುತ್ತಿದ್ದರಂತೆ. ಮನೆಯಲ್ಲಿ ವಿದ್ಯೆಯಿತ್ತು, ಹಣವಿರಲಿಲ್ಲ. ಆ ಕಾಲದಲ್ಲಿ ಕಾಗದದ ಕೂಲಿಯನ್ನು ಬರೆದವರಲ್ಲ, ಸಾಮಾನ್ಯವಾಗಿ ಪಡೆದವರೇ ತೆರಬೇಕಾಗಿತ್ತು. ಆದಕಾರಣ ಅಂಚೆಯವನು ಬಾಗಿಲು ತಟ್ಟಿದರೆ ತಾಯಿಗೆ ಸಂತೋಷವಾಗುವುದಕ್ಕೆ ಬದಲಾಗಿ ಎದೆ ನಡುಗುತ್ತಿತ್ತು. ಕೂಲಿಗೆ ಹಣವಿಲ್ಲದೆ, ಹಳೆಯ ಬಟ್ಟೆಗಳನ್ನು ಮಾರಿಕೊಂಡು ಬರಲು ಆಕೆ ಮಗನನ್ನು ಕಳುಹಿಸಿದ್ದೂ ಉಂಟು. ಹುಡುಗನು ಅದನ್ನು ಮರೆಯಲಿಲ್ಲ.

ಹನ್ನೆರಡರ ಪ್ರಾಯದಲ್ಲಿಯೇ ಅವರು ತಂದೆಯ ಶಾಲೆಯಲ್ಲಿ ಪಾಠ ಹೇಳತೊಡಗಿದರು. ಮುಂದೆ 1819ರಲ್ಲಿ ಬರ್ಮಿಂಗ್‌ಹ್ಯಾಮಿನ ಬಳಿ ಹೇಝಲ್‌ವುಡ್ ಶಾಲೆಯನ್ನು ಸಹೋದರರೊಡನೆ ಕೂಡಿ ನಡೆಸಿದರು. ಬೆತ್ತವೇ ಗುರುವಾಗಿದ್ದ ಆ ದಿನಗಳಲ್ಲಿ ಅಲ್ಲಿ ಬೆತ್ತವಿರಲಿಲ್ಲ. ನಿಯಮಗಳನ್ನು ಮಾಡುವುದೂ ತಪ್ಪುಗಳನ್ನು ವಿಚಾರಿಸುವುದೂ ವಿದ್ಯಾರ್ಥಿಗಳ ಕೈಯಲ್ಲಿತ್ತು. 1827ರಲ್ಲಿ ಅವರು ಕ್ಯಾರೊಲೈನ್ ಪಿಯರ್ಸನ್ ಎಂಬಾಕೆಯನ್ನು ವಿವಾಹವಾದರು. ಪತಿಯ ಬರವಣಿಗೆಯ ಕೆಲಸದಲ್ಲಿ ಆಕೆ ಬಹಳವಾಗಿ ನೆರವಾದುದನ್ನು ನಮ್ಮ ಬಾಲಿಕೆಯರು ನೆನಪಿನಲ್ಲಿಡಲಿ.

ಆಗ ಕಾಗದದ ಕೂಲಿಯು ದೂರಕ್ಕೆ ತಕ್ಕಂತೆ ಏರುತ್ತಿತ್ತು. ಎರಡು ಹಾಳೆಯಿದ್ದರೆ ಇಮ್ಮಡಿ. ಲಂಡನ್ನಿನಿಂದ ಎಡಿನ್‌ಬರೊ ನಗರಕ್ಕೆ ಒಂದು ಹಾಳೆಗೆ ಒಂದು ಶಿಲಿಂಗಿಗೂ ಮಿಕ್ಕಿ ಕೊಡಬೇಕಿತ್ತು. ಪಾರ್ಲಿಮೆಂಟಿನ ಸದಸ್ಯರ ಕಾಗದಗಳಾದರೋ ಧರ್ಮಕ್ಕೆ ಹೋಗುತ್ತಿದ್ದವು! ಹಿಲ್ಲರು ಲೆಕ್ಕ ಹಾಕಿ ನೋಡಲಾಗಿ, ಆ ದೂರಕ್ಕೆ ಒಂದು ಕಾಗದವನ್ನು ಸಾಗಿಸಲು ತಗಲುವ ನಿಜವಾದ ವೆಚ್ಚವು ಒಂದು ಪೆನ್ನಿಯ 36ರಲ್ಲೊಂದು ಪಾಲು ಮಾತ್ರವೆಂದು ಕಂಡುಬಂತು. ಹಾಗಾದರೆ ದೂರವನ್ನು ಅಳೆಯುವುದೇಕೆ? ಅರ್ಧ ಔನ್ಸಿನ ಕಾಗದಕ್ಕೆ ದೇಶದ ಯಾವ ಮೂಲೆಗಾದರೂ ಒಂದೇ ಪೆನ್ನಿ, ಅದನ್ನೂ ಮುಂಗಡವಾಗಿಯೇ ಕೊಡತಕ್ಕದ್ದು ಎಂದು 1837ರಲ್ಲಿ ಒಂದು ಕಿರು ಪುಸ್ತಕವನ್ನು ಬರೆದು ಪ್ರಕಟಿಸಿದರು. ಅಂಚೆಯ ಅಧಿಕಾರಿಗಳು ಹಾಸ್ಯಮಾಡಿದರು. ವರ್ತಕರೂ ಜನಸಾಮಾನ್ಯರೂ ಬೆಂಬಲಿಸಿದರು. 1840ನೆಯ ಇಸವಿ ಜನವರಿ 10ರಂದು ಪೆನ್ನಿ ಅಂಚೆಯು ಜಾರಿಗೆ ಬಂತು. ಅಂಟಿಸುವ ಚೀಟಿಯ ಯೋಚನೆಯು ಇವರೊಬ್ಬರದೇ ಅಲ್ಲ. ಡಂಡೀ ನಗರದ ಪುಸ್ತಕ ವ್ಯಾಪಾರಿ ಜೇಮ್ಸ್ ಚಾಮರ್ಸ್ ಎಂಬವರೂ ಅದನ್ನು ಸೂಚಿಸಿದ್ದರೆಂಬುದನ್ನು ನ್ಯಾಯಕ್ಕಾಗಿ ಹೇಳಲೇಬೇಕು.

ಮೇ 6ರಿಂದ ಕಪ್ಪು ಚೀಟಿಯು ಬಳಕೆಗೆ ಬಂತು. ಮನುಷ್ಯರ ಮುಖದಲ್ಲಿ ಅಲ್ಪ ವ್ಯತ್ಯಾಸವಾದರೂ ಕಣ್ಣಿಗೆ ಥಟ್ಟನೆ ಹೊಳೆಯುವುದರಿಂದ, ಖೋಟಾ ಮಾಡುವುದು ಕಷ್ಟವಾಗಲೆಂದು ವಿಕ್ಟೋರಿಯಾ ರಾಣಿಯವರ ಎಳೆಯ ಮುಖವನ್ನು ಅದರಲ್ಲಿ ಕೊರೆಯಿಸಿದರು. ದೇಶದ ಹೆಸರನ್ನು ಹಾಕಲಿಲ್ಲ. ಬ್ರಿಟನ್ನಿನ ಚೀಟಿಗಳಲ್ಲಿ ಇಂದಿಗೂ ಅದಿಲ್ಲ. ಒಂದು ಹಾಳೆಗೆ 20 ಸಾಲು, ಸಾಲಿಗೆ 12ರಂತೆ 240 ಚೀಟಿಗಳು. ಕೆಳಗಿನ ಎರಡು ಮೂಲೆಗಳಲ್ಲಿರುವ ಅಕ್ಷರಗಳು ಆ ಚೀಟಿಯು ಹಾಳೆಯ ಯಾವ ಸಾಲಿನ ಎಷ್ಟನೆಯದೆಂದು ತಿಳಿಸುತ್ತವೆ. ಒಂದೊಂದಾಗಿ 240ನ್ನೂ ಹುಡುಕಿ ಹಾಳೆಯನ್ನು ತುಂಬಿಸಲು ಆಯುಷ್ಯವನ್ನೇ ಕಳೆದ ಸಂಗ್ರಾಹಕರುಂಟು. ಅಂಚಿನಲ್ಲಿ ತೂತುಗಳಿಲ್ಲದೆ ಕತ್ತರಿಯಿಂದ ಕತ್ತರಿಸುತ್ತಿದ್ದುದರಿಂದ, ನಾಲ್ಕು ಕಡೆಯಲ್ಲಿಯೂ ಬಿಳಿಯ ಅಂಚು ಉಳಿದಿರುವ ಚೀಟಿಗೆ ಹೆಚ್ಚು ಮಾನ್ಯತೆ. ಕೆಂಪು ಮಸಿಯ ಮುದ್ರೆಯನ್ನು ಅಳಿಸಿ ಚೀಟಿಯನ್ನು ಪುನಃ ಉಪಯೋಗಿಸುವ ಮೋಸವು ಹಬ್ಬಿದ್ದರಿಂದ, 1841ರಲ್ಲಿ ಚೀಟಿಯನ್ನು ಕೆಂಪಾಗಿಯೂ ಮುದ್ರೆಯನ್ನು ಕಪ್ಪಾಗಿಯೂ ಬದಲಾಯಿಸಿದರು. ಆದರೂ ಕಪ್ಪು ಚೀಟಿಗಳು 6 ಕೋಟಿ 80 ಲಕ್ಷಕ್ಕೂ ಹೆಚ್ಚು ಅಚ್ಚಾಗಿದ್ದವು. ಆದುದರಿಂದ ಅದಕ್ಕೆ ಗೌರವ ಬಂದುದು ಅಪರೂಪವೆಂಬುದರಿಂದಲ್ಲ.

ಒಂದೇ ವರ್ಷದಲ್ಲಿ ಕಾಗದಗಳ ಸಂಖ್ಯೆಯು ಇಮ್ಮಡಿಗೂ ಮೀರಿತು. ಆದರೆ ಅಂಚೆಯ ಲಾಭವು ಹಿಂದಿನ ಮಟ್ಟಕ್ಕೆ ಏರಲು 20 ವರ್ಷಗಳಿಗೂ ಮೇಲೆ ಹಿಡಿಯಿತು. ಈ ವಿಷಯದಲ್ಲಿ ಹಿಲ್ಲರ ಎಣಿಕೆ ತಪ್ಪಿತೆಂದು ಒಪ್ಪಬೇಕು. ಸ್ವಭಾವದಲ್ಲಿಯೂ ಅವರು ಹಟಗಾರರು, ಇತರರೊಡನೆ ಹೊಂದಿಕೊಳ್ಳದವರು. 1842ರಲ್ಲಿ ಸರಕಾರವು ಅವರನ್ನು ಕೆಲಸದಿಂದ ತೆಗೆದುಹಾಕಿತು. ಆಗ ಜನರು ಕೃತಜ್ಞತೆಯಿಂದ 13,000 ಪೌಂಡುಗಳಿಗೂ ಹೆಚ್ಚು ಹಣವನ್ನು ಕೂಡಿಸಿ ಅವರಿಗೆ ಅರ್ಪಿಸಿದರು. 1846ರಲ್ಲಿ ಅಂಚೆ ಇಲಾಖೆಗೆ ಮರಳಿ, 1864ರ ತನಕ ದುಡಿದು, 1860ರಲ್ಲಿ ಸರ್ ಪದವಿಯನ್ನೂ ಪಡೆದರು. 1879ನೆಯ ಇಸವಿ ಆಗಸ್ಟ್ 27ರಂದು ತೀರಿಕೊಂಡಾಗ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಅವರಿಗೆ ಸಮಾಧಿ ದೊರೆಯಿತು.

ಅವರ ಯೋಜನೆಯು ಸಮುದ್ರವನ್ನು ದಾಟಿತು. 1854ರಲ್ಲಿ ನಮ್ಮ ದೇಶದಲ್ಲಿಯೂ, ದೂರವೆಷ್ಟೇ ಇರಲಿ, ಕಾಲು ತೊಲದ ಕಾಗದಕ್ಕೆ ಅರ್ಧಾಣೆ ಎಂಬ ನಿಯಮವಾಯಿತು. ಗಂಡನ ಮನೆಯಲ್ಲಿರುವ ಮಗಳಿಂದಲೂ ದೂರದ ಊರಿನಲ್ಲಿ ಓದುವ ಮಗುವಿನಿಂದಲೂ ತಾಯಿಗೆ ವರ್ತಮಾನ ಸಿಕ್ಕುವುದು ಬಡವರಿಗೂ ಸುಲಭವಾಯಿತು.

ಹಳೆಯ ವಿದ್ಯಾರ್ಥಿನಿಯರೇ, ತಂದೆತಾಯಿಗಳೇ, ನಿಮ್ಮ ಮಕ್ಕಳು ಚೀಟಿಗಳನ್ನು ಕೂಡಿಸುವುದಾದರೆ ತಡೆಯಬೇಡಿರಿ. ಆದರೆ ಬೆಲೆಯನ್ನು ಕೇಳುವ ಮೊದಲು, ಬಾಗಿಲು ತಟ್ಟುವ ಸದ್ದಿಗೆ ನಡುಗಿದ ಆ ಬಡ ತಾಯಿಯ ಕಥೆಯನ್ನು ಅವರಿಗೆ ಹೇಳಿರಿ. ಆಕೆಯ ಭಯವನ್ನು ಕಂಡ ಮಗನು ಲೋಕದ ತಾಯಂದಿರೆಲ್ಲರಿಂದ ಆ ಭಯವನ್ನು ತೊಲಗಿಸಲು ದುಡಿದನು. ಆ ಕಪ್ಪು ಚೀಟಿಗೆ ನಾವು ಕೊಡುವ ಬೆಲೆಯು ಇದೇ.