ಕೈ ಎತ್ತದೆ ಕುಳಿತ ರಾಯಭಾರಿ: ಬೆನಗಲ್ ನರಸಿಂಗ ರಾವ್

ಧರ್ಮಾಧ್ಯಕ್ಷರ ಕಚೇರಿಯಿಂದ ಗುರುಗಳ ವರ್ಗಾವಣೆಯ ಪಟ್ಟಿ ಬಂತೆಂದರೆ ಹಿಂದೂಪುರದಲ್ಲೂ ಕಲ್ಯಾಣದುರ್ಗದಲ್ಲೂ ಪೂಜೆ ಮುಗಿದ ಮೇಲೆ ಅದೇ ಮಾತು. ಯಾರು ಹೋಗುತ್ತಾರೆ, ಯಾರು ಬರುತ್ತಾರೆ, ಬರುವವರಿಗೆ ಕನ್ನಡ ಬರುತ್ತದೆಯೋ, ತೆಲುಗು ಮಾತ್ರವೋ? ದೇಶ ದೇಶಗಳ ನಡುವೆಯೂ ಇಂಥ ಪಟ್ಟಿಗಳಿವೆ. ಇಂಥವರನ್ನು ಇಂಥ ದೇಶಕ್ಕೆ ರಾಯಭಾರಿಯಾಗಿ ನೇಮಿಸಲಾಗಿದೆ ಎಂಬ ಎರಡು ಸಾಲು ಪತ್ರಿಕೆಯ ಒಳಪುಟದಲ್ಲಿ ಬರುತ್ತದೆ, ಓದಿ ಮರೆಯುತ್ತೇವೆ. ಆ ಎರಡು ಸಾಲಿನ ಹಿಂದೆ ಒಬ್ಬ ಮನುಷ್ಯನ ಮನಸ್ಸಾಕ್ಷಿಗೆ ಎಂಥ ಪರೀಕ್ಷೆ ಕಾದಿರುತ್ತದೆ ಎಂದು ತಿಳಿಯಬೇಕಾದರೆ ಮಂಗಳೂರಿನ ಬೆನಗಲ್ ನರಸಿಂಗ ರಾಯರ ಬಾಳನ್ನು ನೋಡಬೇಕು.

ಅವರು ಹುಟ್ಟಿದ್ದು 1887ರ ಫೆಬ್ರವರಿ 26ರಂದು. ತಂದೆ ರಾಘವೇಂದ್ರ ರಾಯರು ವೈದ್ಯರು. ಮನೆಮಾತು ಕೊಂಕಣಿ; ಹೊರಗೆ ಕಾಲಿಟ್ಟರೆ ತುಳು, ಕನ್ನಡ. ಮೂರು ನಾಲ್ಕು ಭಾಷೆಗಳ ನಡುವೆ ಬೆಳೆಯುವುದು ಹೇಗೆಂದು ನಮ್ಮ ಧರ್ಮಪ್ರಾಂತ್ಯದವರಿಗೆ ಹೇಳಿಕೊಡಬೇಕಿಲ್ಲ. ಆಗ ಮಂಗಳೂರೂ ನಮ್ಮ ಅನಂತಪುರ ಜಿಲ್ಲೆಯೂ ಒಂದೇ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಕೆನರಾ ಹೈಸ್ಕೂಲಿನಲ್ಲಿ ಓದಿದ ಈ ಹುಡುಗ ಮೆಟ್ರಿಕ್ಯುಲೇಶನ್‌ನಲ್ಲಿ ಇಡೀ ಪ್ರಾಂತ್ಯಕ್ಕೆ ಮೊದಲಿಗನಾದ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಆಮೇಲೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು, 1909ರಲ್ಲಿ ಐಸಿಎಸ್ ಪರೀಕ್ಷೆಯಲ್ಲಿ ತೇರ್ಗಡೆ. ಬಂಗಾಳ, ಅಸ್ಸಾಂಗಳಲ್ಲಿ ದುಡಿದು ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು. 1944ರಲ್ಲಿ ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾಗಿ ಹೋಗಿ ಮರುವರ್ಷವೇ ಆ ಹುದ್ದೆ ಬಿಟ್ಟು ಬಂದರು.

1946ರಲ್ಲಿ ಸಂವಿಧಾನ ಸಭೆಗೆ ಸಲಹೆಗಾರರಾಗಿ ಅವರ ನೇಮಕವಾಯಿತು. ಆ ಕೆಲಸಕ್ಕೆ ಅವರು ಸಂಬಳ ಪಡೆಯಲಿಲ್ಲ. ಅಂಬೇಡ್ಕರ್ ಅವರ ಸಮಿತಿ ಕೈಗೆತ್ತಿಕೊಂಡ ಮೊದಲ ಕರಡನ್ನು ಸಿದ್ಧಪಡಿಸಿದವರು ಇವರೇ. 1947ರ ಕೊನೆಯಲ್ಲಿ ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್ ಸುತ್ತಿ ಅಲ್ಲಿನ ನ್ಯಾಯಶಾಸ್ತ್ರಜ್ಞರೊಡನೆ ಚರ್ಚಿಸಿದರು. ನಮ್ಮ ಸಂವಿಧಾನದ ರಾಜ್ಯನೀತಿಯ ನಿರ್ದೇಶಕ ತತ್ವಗಳು ಐರ್ಲೆಂಡಿನ 1937ರ ಸಂವಿಧಾನದ ಮಾದರಿಯವು. ಆ ಐರಿಷ್ ಸಂವಿಧಾನದ ಮೇಲೆ ಕಥೋಲಿಕ ಧರ್ಮಸಭೆಯ ಸಾಮಾಜಿಕ ಬೋಧನೆಯ ಪ್ರಭಾವವಿದೆ ಎಂಬುದು ನಮ್ಮವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಅದು ಬೇರೆಯೇ ಲೇಖನಕ್ಕೆ ವಿಷಯ.

ಹೊಸ ದೇಶಕ್ಕೆ ಆಗ ರಾಯಭಾರಿಗಳ ಕೊರತೆ. ವಿದೇಶಾಂಗ ಸೇವೆಯಲ್ಲಿ ನುರಿತವರು ಕಡಿಮೆ. ಹೀಗಾಗಿ ವಕೀಲರು, ಪ್ರಾಧ್ಯಾಪಕರು, ಹಳೆಯ ಐಸಿಎಸ್ ಅಧಿಕಾರಿಗಳು ಕಂಡಕಂಡಲ್ಲಿಗೆ ಹೊರಡಬೇಕಾಯಿತು. ನರಸಿಂಗ ರಾಯರ ತಮ್ಮ ಬೆನಗಲ್ ರಾಮ ರಾಯರು ಜಪಾನಿನಿಂದ 1948ರಲ್ಲಿ ವಾಷಿಂಗ್ಟನ್ನಿಗೆ ಹೋಗಿ ಅಸಫ್ ಅಲಿಯವರ ಜಾಗದಲ್ಲಿ ಕುಳಿತರು. ಮರುವರ್ಷ ಅವರನ್ನು ರಿಸರ್ವ್ ಬ್ಯಾಂಕಿನ ಗವರ್ನರ್ ಮಾಡಲಾಯಿತು. ಆ ಜಾಗಕ್ಕೆ ಮಾಸ್ಕೋದಿಂದ ವಿಜಯಲಕ್ಷ್ಮಿ ಪಂಡಿತ್ ಬಂದರು. ಮಾಸ್ಕೋಗೆ, ಹಿಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ್ದ ರಾಧಾಕೃಷ್ಣನ್ ಹೋದರು. ಒಂದು ಕುರ್ಚಿ ಸರಿದರೆ ಮೂರು ಕುರ್ಚಿ ಸರಿಯುತ್ತವೆ; ಪಾದ್ರಿಮನೆಗಳ ಕಥೆಯೂ ಇದೇ ಅಲ್ಲವೇ!

ಅದೇ 1949ರಲ್ಲಿ ನರಸಿಂಗ ರಾಯರು ವಿಶ್ವಸಂಸ್ಥೆಯಲ್ಲಿ ಭಾರತದ ಕಾಯಂ ಪ್ರತಿನಿಧಿಯಾಗಿ ನ್ಯೂಯಾರ್ಕಿಗೆ ಹೋದರು. ವಯಸ್ಸು ಅರವತ್ತೆರಡು ದಾಟಿತ್ತು. ಬಾಳಿನ ಬಹುಭಾಗವನ್ನು ಕಾನೂನಿನ ಕಡತಗಳ ನಡುವೆ ಕಳೆದವರಿಗೆ ಅದು ನಿವೃತ್ತಿಯ ವೇಳೆಯ ಗೌರವದ ಹುದ್ದೆ ಎಂದು ಯಾರಾದರೂ ಭಾವಿಸಿದ್ದರೆ ತಪ್ಪಲ್ಲ. ಆದರೆ 1950ರಲ್ಲಿ ಭಾರತ ಭದ್ರತಾ ಮಂಡಳಿಯ ಸದಸ್ಯನಾಯಿತು. ಮಂಡಳಿಯ ಅಧ್ಯಕ್ಷ ಪದವಿ ತಿಂಗಳಿಗೊಂದು ದೇಶಕ್ಕೆ ಸರದಿಯಲ್ಲಿ ಬರುತ್ತದೆ. ಭಾರತದ ಸರದಿ ಜೂನ್ ತಿಂಗಳಲ್ಲಿ ಬಂತು.

ಜೂನ್ 25, ಭಾನುವಾರ. ಉತ್ತರ ಕೊರಿಯಾದ ಸೈನ್ಯ ಗಡಿ ದಾಟಿ ದಕ್ಷಿಣಕ್ಕೆ ನುಗ್ಗಿದ ಸುದ್ದಿ ಬಂದಿತ್ತು. ಅಂದೇ ಮಂಡಳಿ ಸೇರಿತು. ಅಧ್ಯಕ್ಷ ಪೀಠದಲ್ಲಿ ನರಸಿಂಗ ರಾಯರು. ಚೀನಾದ ಸ್ಥಾನ ಯಾರಿಗೆ ಸೇರಬೇಕೆಂಬ ಜಗಳದಲ್ಲಿ ಸೋವಿಯತ್ ಪ್ರತಿನಿಧಿ ಜನವರಿಯಿಂದಲೇ ಸಭೆಗೆ ಬರುತ್ತಿರಲಿಲ್ಲ. ಯುದ್ಧ ನಿಲ್ಲಿಸಿ, ಸೈನ್ಯ ಹಿಂದೆ ಸರಿಯಲಿ ಎಂಬ ನಿರ್ಣಯಕ್ಕೆ ರಾಯರು ಪರವಾಗಿ ಮತ ಕೊಟ್ಟರು. ಅದು ಸುಲಭವಾದ ಮತ. ಕಷ್ಟದ್ದು ಎರಡು ದಿನಗಳ ನಂತರ ಬಂತು. ದಕ್ಷಿಣ ಕೊರಿಯಾಕ್ಕೆ ಸದಸ್ಯ ದೇಶಗಳು ನೆರವು ಕೊಡಬೇಕು, ಅಂದರೆ ಸೈನ್ಯವನ್ನೂ ಕಳಿಸಬಹುದು ಎಂಬ ನಿರ್ಣಯ ಮಂಡಳಿಯ ಮುಂದಿತ್ತು. ದೆಹಲಿಯಿಂದ ಆದೇಶ ಬಂದಿರಲಿಲ್ಲ.

ರಾಯಭಾರಿಯ ಬಾಯಿ ಅವನ ಸ್ವಂತದ್ದಲ್ಲ, ಕಳಿಸಿದ ಸರ್ಕಾರದ್ದು. ಕೈಯೂ ಹಾಗೆಯೇ. ಅಮೆರಿಕ ಅವಸರ ಮಾಡುತ್ತಿತ್ತು, ಅತ್ತ ಸೋಲ್ ನಗರ ಬೀಳುವುದರಲ್ಲಿತ್ತು. ಸಭೆಯ ಅಧ್ಯಕ್ಷರಾಗಿದ್ದ ರಾಯರು ತಮ್ಮ ದೇಶದ ಮತದ ಹೊತ್ತು ಬಂದಾಗ ಕೈ ಎತ್ತಲಿಲ್ಲ. ಆದೇಶವಿಲ್ಲದ ಕಾರಣ ಭಾಗವಹಿಸಲಾರೆನೆಂದು ದಾಖಲಿಸಿದರು. ಈಜಿಪ್ಟಿನ ಪ್ರತಿನಿಧಿಯದೂ ಅದೇ ಸ್ಥಿತಿ. ಇಡೀ ಲೋಕ ನೋಡುತ್ತಿರುವಾಗ ಹಾಗೆ ಕೂರುವುದು ಅವಮಾನದಂತೆ ಕಾಣಬಹುದು. ನನಗೇನೋ ಅದರಲ್ಲಿ ದೊಡ್ಡ ಶಿಸ್ತು ಕಾಣುತ್ತದೆ. ಜೂನ್ 29ರಂದು ಭಾರತ ಸರ್ಕಾರ ಆ ನಿರ್ಣಯವನ್ನು ಒಪ್ಪಿರುವುದಾಗಿ ತಿಳಿಸಿತು. ಕಾದಾಡುವ ಸೈನ್ಯವನ್ನು ಮಾತ್ರ ಕಳಿಸಲಿಲ್ಲ. ಗಾಯಾಳುಗಳ ಶುಶ್ರೂಷೆಗೆ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಹೋಯಿತು.

ಚಳಿಗಾಲಕ್ಕೆ ಚೀನಾದ ಸೈನ್ಯವೂ ಯುದ್ಧಕ್ಕಿಳಿಯಿತು. ಡಿಸೆಂಬರಿನಲ್ಲಿ ಕದನವಿರಾಮದ ದಾರಿ ಹುಡುಕಲು ಮೂವರ ತಂಡ ರಚನೆಯಾಯಿತು: ಇರಾನಿನ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್, ನಮ್ಮ ನರಸಿಂಗ ರಾಯರು. ಜನವರಿಯಲ್ಲಿ ಅವರು ಐದು ತತ್ವಗಳನ್ನು ಮುಂದಿಟ್ಟರು, ಚೀನಾ ಒಪ್ಪಲಿಲ್ಲ. 1951ರ ಫೆಬ್ರವರಿ 1ರಂದು ಚೀನಾವನ್ನು ಆಕ್ರಮಣಕಾರಿ ಎಂದು ಸಾರುವ ನಿರ್ಣಯಕ್ಕೆ 44 ದೇಶಗಳು ಸೈ ಎಂದವು, 7 ವಿರೋಧಿಸಿದವು. ಆ ಏಳರಲ್ಲಿ ಭಾರತವೂ ಒಂದು. ಹಾಗೆ ಹೆಸರಿಟ್ಟರೆ ಮಾತುಕತೆಯ ಬಾಗಿಲು ಮುಚ್ಚುತ್ತದೆ ಎಂಬುದು ಭಾರತದ ವಾದ. ಉಳಿದ ಆರರಲ್ಲಿ ಐದು ಸೋವಿಯತ್ ಪಾಳೆಯದವು. ಅವರ ಜೊತೆ ಒಂದೇ ಎಣಿಕೆಗೆ ಸೇರುವುದು ರಾಯರಂಥ ಸಂಕೋಚದ ಮನುಷ್ಯನಿಗೆ ಹಿತವಾಗಿರಲಾರದು. ಆದರೂ ಈ ಸಲ ಆದೇಶವಿತ್ತು, ಕೈ ಎತ್ತಿದರು.

1952ರ ಫೆಬ್ರವರಿಯಲ್ಲಿ ಮತ್ತೆ ವರ್ಗಾವಣೆ, ಈ ಬಾರಿ ನ್ಯಾಯಪೀಠಕ್ಕೆ. ಹಾಲೆಂಡಿನ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಅವರು ಆಯ್ಕೆಯಾದರು. ನ್ಯೂಯಾರ್ಕಿನ ಜಾಗಕ್ಕೆ ರಾಜೇಶ್ವರ ದಯಾಳ್ ಬಂದರು. ಆ ವರ್ಷವೇ ಬ್ರಿಟನ್ ಮತ್ತು ಇರಾನ್ ನಡುವಿನ ತೈಲ ಕಂಪನಿಯ ದೊಡ್ಡ ಮೊಕದ್ದಮೆ ವಿಚಾರಣೆಗೆ ಬಂತು. ಹೊಸ ನ್ಯಾಯಾಧೀಶರಿಗೆ ಹೆಸರು ತರುವಂಥ ಮೊಕದ್ದಮೆ. ರಾಯರು ತಾವಾಗಿಯೇ ಅದರಿಂದ ಹಿಂದೆ ಸರಿದರು. ಕಾರಣವಿಷ್ಟೇ: ಅದೇ ವಿವಾದ ಭದ್ರತಾ ಮಂಡಳಿಗೆ ಬಂದಾಗ ಅವರು ಭಾರತದ ಪರವಾಗಿ ಅಲ್ಲಿ ಕುಳಿತಿದ್ದರು. ಒಮ್ಮೆ ಒಂದು ಸರ್ಕಾರದ ಬಾಯಾಗಿದ್ದವನು ಅದೇ ವಿಷಯಕ್ಕೆ ತೀರ್ಪು ಕೊಡುವುದು ಸಲ್ಲದೆಂದು ಅವರಿಗೆ ಅನಿಸಿತು.

ಕಾಯಿಲೆ ಅಷ್ಟರಲ್ಲಿ ಅವರನ್ನು ಹಿಡಿದಿತ್ತು. 1953ರ ಜುಲೈ 27ರಂದು ಕೊರಿಯಾದಲ್ಲಿ ಕದನವಿರಾಮವಾಯಿತು. ಸೆಪ್ಟೆಂಬರಿನಲ್ಲಿ ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಮಡಿಕೇರಿಯ ಜನರಲ್ ತಿಮ್ಮಯ್ಯನವರು ಅಲ್ಲಿಗೆ ಹೋದರು. ಮಂಗಳೂರಿನವರು ನ್ಯೂಯಾರ್ಕಿನಲ್ಲಿ ಹಿಡಿದ ಎಳೆಯನ್ನು ಕೊಡಗಿನವರು ಕೊರಿಯಾದ ಮಣ್ಣಿನಲ್ಲಿ ಮುಂದುವರಿಸಿದಂತಾಯಿತು. ಅಕ್ಟೋಬರ್ 1ರಂದು ಇತ್ತ ನಮ್ಮ ಹಿಂದೂಪುರ, ಕಲ್ಯಾಣದುರ್ಗಗಳು ಮದ್ರಾಸನ್ನು ಬಿಟ್ಟು ಹೊಸ ಆಂಧ್ರ ರಾಜ್ಯಕ್ಕೆ ಸೇರಿದವು. ಇಲ್ಲಿನ ಕನ್ನಡಿಗರು ಅಲ್ಪಸಂಖ್ಯಾತರಾಗಿಯೇ ಉಳಿದರು. ಭಾಷೆಯಲ್ಲೂ ಧರ್ಮದಲ್ಲೂ ಅಲ್ಪಸಂಖ್ಯಾತರಾದ ನಮಗೆ ಶಾಲೆ ನಡೆಸುವ ಹಕ್ಕು ಕೊಡುವ 30ನೇ ವಿಧಿ ಇರುವುದು ರಾಯರು ಸಂಬಳವಿಲ್ಲದೆ ದುಡಿದ ಆ ಸಂವಿಧಾನದಲ್ಲೇ.

1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಚ್ ನಗರದಲ್ಲಿ ಅವರು ತೀರಿಕೊಂಡರು. ಹೇಗ್‌ನಲ್ಲಿ ತೆರವಾದ ಅವರ ಸ್ಥಾನಕ್ಕೆ ಮರುವರ್ಷ ಆಯ್ಕೆಯಾದವರು ಪಾಕಿಸ್ತಾನದ ವಿದೇಶಾಂಗ ಸಚಿವ ಜಫರುಲ್ಲಾ ಖಾನ್, ಕಾಶ್ಮೀರದ ವಿಷಯದಲ್ಲಿ ಭದ್ರತಾ ಮಂಡಳಿಯ ಮುಂದೆ ಭಾರತದ ವಿರುದ್ಧ ವಾದಿಸಿದ್ದವರು.