ಸೆರೆಮನೆಯ ಸ್ತ್ರೀಯರಿಗೆ ಆಸರೆಯಾದ ಎಲಿಜಬೆತ್ ಫ್ರೈ

ಕಾರಾಗೃಹದಲ್ಲಿ ಸ್ತ್ರೀಯರಿಗೆ ಪ್ರತ್ಯೇಕ ವಿಭಾಗ, ಅವರ ಕಾವಲಿಗೆ ಸ್ತ್ರೀಯರೇ ಎಂಬ ನಿಯಮ ಇಂದು ನಮಗೆ ಸಹಜವೆನಿಸುತ್ತದೆ. ಅದರ ಹಿಂದೆ ಎಲಿಜಬೆತ್ ಫ್ರೈ ಅವರ ದೀರ್ಘ ಪರಿಶ್ರಮವಿದೆ.

1780ರ ಮೇ 21ರಂದು ಇಂಗ್ಲೆಂಡಿನ ನಾರಿಚ್ ನಗರದ ಕ್ವೇಕರ್ ಕುಟುಂಬದಲ್ಲಿ ಜನಿಸಿದ ಈಕೆ ಹನ್ನೊಂದು ಮಕ್ಕಳ ತಾಯಿ. 1813ರಲ್ಲಿ ಇವರು ಲಂಡನ್ನಿನ ನ್ಯೂಗೇಟ್ ಸೆರೆಮನೆಗೆ ಭೇಟಿಯಿತ್ತಾಗ ಅಲ್ಲಿ ಸುಮಾರು 300 ಸ್ತ್ರೀಯರು ಮಕ್ಕಳೊಡನೆ ಇಕ್ಕಟ್ಟಿನಲ್ಲಿ ನೆಲದ ಮೇಲೆ ಮಲಗುತ್ತಿದ್ದರು. 1817ರಲ್ಲಿ ಫ್ರೈ ಗೆಳತಿಯರೊಡನೆ ಸಂಘ ಕಟ್ಟಿದರು. ಮಕ್ಕಳಿಗೆ ಶಾಲೆ, ತಾಯಂದಿರಿಗೆ ಹೊಲಿಗೆ ಕೆಲಸ, ಮೇಲ್ವಿಚಾರಣೆಗೆ ಮಹಿಳೆ ಏರ್ಪಾಡಾದವು. ನಿಯಮಗಳನ್ನು ಬಂದಿನಿಯರ ಒಪ್ಪಿಗೆ ಪಡೆದೇ ಜಾರಿಗೆ ತಂದದ್ದು ವಿಶೇಷ.

1818ರಲ್ಲಿ ಅವರು ಸಂಸತ್ತಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. 1823ರ ಕಾಯಿದೆಯು ಸ್ತ್ರೀ ಬಂದಿಗಳಿಗೆ ಸ್ತ್ರೀ ಸಿಬ್ಬಂದಿಯನ್ನೇ ವಿಧಿಸಿತು. ಆದರೆ ಅದರ ಪಾಲನೆಯನ್ನು ಪರಿಶೀಲಿಸುವ ಸರ್ಕಾರಿ ಅಧಿಕಾರಿಗಳಿರಲಿಲ್ಲ. ಅನೇಕ ಕಡೆ ಅದು ಕಾಗದದಲ್ಲೇ ಉಳಿಯಿತು. ಅಂಥ ಅಧಿಕಾರಿಗಳ ನೇಮಕಕ್ಕೆ 1835ರವರೆಗೆ ಕಾಯಬೇಕಾಯಿತು. ಊರೂರಿನ ಸೆರೆಮನೆಗಳನ್ನು ಸಂದರ್ಶಿಸುತ್ತಾ ಬಂದ ಫ್ರೈ 1845ರ ಅಕ್ಟೋಬರ್ 12ರಂದು ನಿಧನರಾದರು.

ಭಾರತದ 1894ರ ಕಾರಾಗೃಹ ಕಾಯಿದೆಯೂ ಸ್ತ್ರೀಯರನ್ನು ಪ್ರತ್ಯೇಕವಾಗಿರಿಸಬೇಕೆಂದು ವಿಧಿಸಿತು. ಕಾಯಿದೆ ರಚಿಸಿದರೆ ಸಾಲದು, ಬಾಗಿಲು ತೆರೆದು ಒಳಗೆ ನೋಡುವವರೂ ಬೇಕು ಎಂಬುದೇ ಈ ಮಹಾತಾಯಿಯ ಬಾಳು ಕಲಿಸುವ ಪಾಠ.